ಒಂದು ಗೇಣು ಪೈಪಿನ ಆಯ್ಕೆ

ಬೆಳಗಾವಿಯ ಜಾಂಬೋಟಿ ರಸ್ತೆಯ ಬದಿಯಲ್ಲಿ ಇಬ್ಬರು ಗೆಳೆಯರೊಂದಿಗೆ ಸೇರಿ ನಾನು ನಡೆಸುತ್ತಿರುವ ಚಿಕ್ಕ ಪೇಂಟ್‌ಬಾಲ್ ಮೈದಾನದಲ್ಲಿ ಹನ್ನೆರಡು ಬಾಡಿಗೆ ಮಾರ್ಕರ್‌ಗಳಿವೆ. ಕಳೆದ ವರ್ಷ ಏಪ್ರಿಲ್ ತಿಂಗಳ ಒಂದು ರವಿವಾರ ಮಧ್ಯಾಹ್ನ, ಆಟ ನಡೆದಿದ್ದಾಗಲೇ, ಅವುಗಳಲ್ಲೊಂದರ ಗಾಳಿ ಪೈಪು ಫಿಟಿಂಗಿನಿಂದ ಕಿತ್ತುಕೊಂಡು ಹೊರಬಂತು. ಮೊದಲು ಲಕ್ಷ್ಮೀ ಪಟಾಕಿ ಸಿಡಿದಂಥ ಸದ್ದು, ಅದರ ಬೆನ್ನಿಗೇ ಕಿವಿ ಸೀಳುವಂಥ ಸುಯ್ಯೆಂಬ ಶಬ್ದ. ನಾನು ಓಡಿಹೋಗಿ ಸಿಲಿಂಡರಿನ ಗುಂಡಿ ತಿರುವುವಷ್ಟರಲ್ಲಿ ಅದು ಬಹುತೇಕ ಬರಿದಾಗಿತ್ತು. ಮಾರ್ಕರ್ ಹಿಡಿದಿದ್ದ ಕಾಲೇಜು ಹುಡುಗನ ಮುಂಗೈ ಮೇಲೆ ಬಾರುಕೋಲಿನ ಏಟು ಬಿದ್ದಂತೆ ಒಂದು ಬಾಸುಂಡೆ ಎದ್ದಿತ್ತು. ಮುಖಕ್ಕೆ ಮಾಸ್ಕ್ ಇದ್ದುದರಿಂದ ಕಣ್ಣು ಉಳಿಯಿತು. ಆ ಪೈಪನ್ನು ಎರಡು ದಿನ ಮೊದಲು, ಶುಕ್ರವಾರ ಸಂಜೆ, ನನ್ನ ಕೈಯಿಂದಲೇ ಹಾಕಿದ್ದೆ.

ಮಾರ್ಕರ್ ಎಂದರೆ ಬಣ್ಣದ ಗುಂಡು ಹಾರಿಸುವ ಆಟದ ಬಂದೂಕು. ಮರಗಳಿಗೂ ದನಗಳಿಗೂ ದೂರದಿಂದ ಗುರುತು ಹಾಕಲೆಂದು ಅಮೆರಿಕೆಯಲ್ಲಿ ಮಾಡಿದ್ದ ಸಾಧನವನ್ನು 1981ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ ಕೆಲವು ಗೆಳೆಯರು ಆಟಕ್ಕೆ ಬಳಸಿದರು, ಹೆಸರು ಹಾಗೆಯೇ ಉಳಿಯಿತು. ಆಗಿನದರಲ್ಲಿ 12 ಗ್ರಾಮಿನ ಸಣ್ಣ ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್ ಮಾರ್ಕರ್‌ನಲ್ಲೇ ಕೂರುತ್ತಿತ್ತು. ದೊಡ್ಡ ಸಿಲಿಂಡರು ಹಿಂಬದಿಗೆ ಬಂದ ಮೇಲೆ ಅಲ್ಲಿಂದ ಯಂತ್ರದ ಹೊಟ್ಟೆಗೆ ಗಾಳಿ ಒಯ್ಯಲು ಒಂದು ಗೇಣುದ್ದದ ಪೈಪು ಬೇಕಾಯಿತು. ನಮ್ಮ ಸಿಲಿಂಡರುಗಳು ಅಲ್ಯೂಮಿನಿಯಮ್‌ನವು, 48 ಘನ ಅಂಗುಲದವು. ಲೀಟರಿನ ಲೆಕ್ಕದಲ್ಲಿ ಮುಕ್ಕಾಲು ಲೀಟರಿಗೆ ತುಸು ಹೆಚ್ಚು. ಅವುಗಳಲ್ಲಿ 3000 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ವರೆಗೆ ಒಣ ಗಾಳಿ ತುಂಬುತ್ತೇವೆ. ಸಿಲಿಂಡರಿನ ಬಾಯಲ್ಲಿರುವ ರೆಗ್ಯುಲೇಟರ್ ಅದನ್ನು ಸುಮಾರು 850 ಪಿಎಸ್‌ಐಗೆ ಇಳಿಸಿ ಪೈಪಿಗೆ ಬಿಡುತ್ತದೆ. ನಮ್ಮೂರಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಭಾಷೆಯಲ್ಲಿ ಹೇಳುವುದಾದರೆ ಅದು 60 ಕೆಜಿ ಪ್ರೆಶರ್, ಅಂದರೆ ಚದರ ಸೆಂಟಿಮೀಟರಿಗೆ 60 ಕೆಜಿ.

ಈ 60 ಕೆಜಿ ಎಂಬ ಸಂಖ್ಯೆಯನ್ನು ನಾನು ಗೌರವಿಸಲಿಲ್ಲ. ಅದಕ್ಕೆ ಕಾರಣ ನನ್ನ ಅಜ್ಞಾನಕ್ಕಿಂತ ಹೆಚ್ಚಾಗಿ ನನ್ನ ಅರ್ಧ ಜ್ಞಾನ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಹದಿನಾಲ್ಕು ವರ್ಷ ಮೇಂಟೆನೆನ್ಸ್ ವಿಭಾಗದಲ್ಲಿದ್ದವನು ನಾನು. ಕಂಪ್ರೆಸರ್, ಗಾಳಿಯ ಲೈನು, ಸೊಲೆನಾಯ್ಡ್ ವಾಲ್ವು, ಇವೆಲ್ಲವೂ ನಿತ್ಯದ ಒಡನಾಡಿಗಳು. ಅಲ್ಲಿನ ಗಾಳಿ ಮಾತ್ರ 7ರಿಂದ 8 ಕೆಜಿ. ಆ ಗಾಳಿಯನ್ನು ಹೊತ್ತ ನೀಲಿ ಪಾಲಿಯುರೆಥೇನ್ ಟ್ಯೂಬುಗಳು ಸಾಮಾನ್ಯವಾಗಿ 8 ಅಥವಾ 10 ಕೆಜಿಗೆ ಮಾಡಿದವು ಎಂಬುದೂ ನನಗೆ ತಿಳಿದಿತ್ತು. ಆದ್ದರಿಂದ ನಮ್ಮ ಎರಡು ಹಳೆಯ ಮಾರ್ಕರ್‌ಗಳಲ್ಲಿ ಒಂದರ ಟ್ಯೂಬು ಗೀರುಬಿದ್ದು ಸೋರತೊಡಗಿದಾಗ ನೀಲಿ ಟ್ಯೂಬು ಹಾಕುವ ತಪ್ಪು ಮಾಡಲಿಲ್ಲ. ಬದಲಿಗೆ, ಯಂತ್ರಗಳ ಲೂಬ್ರಿಕೇಶನ್ ಲೈನಿಗೆ ಬಳಸುವ ಕಪ್ಪು ನೈಲಾನ್ ಟ್ಯೂಬಿನ ತುಂಡೊಂದು ಮನೆಯ ಪೆಟ್ಟಿಗೆಯಲ್ಲಿತ್ತು, ಅದನ್ನು ಹಾಕಿದೆ. ನೋಡಲು ಹಳೆಯದರಂತೆಯೇ ಇತ್ತು, ಬಿರುಸಾಗಿಯೂ ಇತ್ತು. ಆ ತರಗತಿಯ ಟ್ಯೂಬಿಗೆ 25 ಕೆಜಿ ಕೆಲಸದ ಒತ್ತಡ, ಅಂದರೆ ಬಳಕೆಯಲ್ಲಿ ನಿತ್ಯ ತಾಳಬಲ್ಲ ಒತ್ತಡ, ಎಂದು ತಯಾರಕರು ಹೇಳುತ್ತಾರೆ. ಒಡೆಯುವ ಒತ್ತಡ ಅದರ ಮೂರು ನಾಲ್ಕು ಪಟ್ಟು ಇರುತ್ತದಲ್ಲ, 60 ಕೆಜಿಗೆ ಏನೂ ಆಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಶುಕ್ರವಾರ ಗಾಳಿ ಬಿಟ್ಟು ನೋಡಿದಾಗ ಏನೂ ಆಗಲಿಲ್ಲ. ಶನಿವಾರ ಇಡೀ ದಿನ ಆಟ ನಡೆಯಿತು, ಆಗಲೂ ಏನೂ ಆಗಲಿಲ್ಲ.

ತಯಾರಕರು ಕೆಲಸದ ಒತ್ತಡಕ್ಕೂ ಒಡೆಯುವ ಒತ್ತಡಕ್ಕೂ ನಡುವೆ ಬಿಟ್ಟಿರುವ ಅಂತರ ಬಿಸಿಲು, ಬಾಗು, ಗೀರು, ವಯಸ್ಸು, ಒತ್ತಡದ ಏರಿಳಿತ ಇವುಗಳಿಗೆಂದು ಮೀಸಲಿಟ್ಟದ್ದು. ನಾನು ಅದನ್ನು ಬೇರೆಯವರು ನನಗಾಗಿ ಕೂಡಿಟ್ಟ ಗಂಟೆಂದು ತಿಳಿದು ಮೊದಲ ದಿನವೇ ಖರ್ಚು ಮಾಡಿಬಿಟ್ಟಿದ್ದೆ. ಬಿಸಿಲು ಬಂದಾಗ ಕೊಡಲು ಏನೂ ಉಳಿದಿರಲಿಲ್ಲ. ಬೆಳಗಾವಿಯ ಏಪ್ರಿಲ್ ವಿಜಯಪುರದಷ್ಟು ಕಡುವಲ್ಲದಿದ್ದರೂ ಅಂದು ನೆರಳಿನಲ್ಲೇ 37 ಡಿಗ್ರಿ ಇತ್ತು. ಬಿಸಿಲಿನಲ್ಲಿ ಮೇಜಿನ ಮೇಲೆ ಮಲಗಿಸಿದ್ದ ಕಪ್ಪು ಟ್ಯೂಬು ಮುಟ್ಟಿದರೆ ಸುಡುತ್ತಿತ್ತು. ಕಾದ ನೈಲಾನ್ ಮೆದುವಾಗುತ್ತದೆ, ಅದರ ತಾಳಿಕೆ ಇಳಿಯುತ್ತದೆ.

ಆದರೂ ಟ್ಯೂಬು ಒಡೆದಿರಲಿಲ್ಲ. ಆ ಸಂಜೆ ಮುರುಕು ಮಾರ್ಕರ್ ಮುಂದಿಟ್ಟುಕೊಂಡು ಕುಳಿತಾಗ ನನಗೆ ಮೊದಲು ಒಗಟಾಗಿ ಕಂಡದ್ದು ಇದೇ. ಟ್ಯೂಬು ಇಡಿಯಾಗಿಯೇ ಇತ್ತು, ತುದಿಯಲ್ಲಿ ಮಾತ್ರ ಉದ್ದಕ್ಕೆ ನಾಲ್ಕು ಗೀರುಗಳು. ವರ್ನಿಯರ್ ಕ್ಯಾಲಿಪರ್ ತಂದು ಅದರ ಹೊರವ್ಯಾಸ ಅಳೆದೆ: 6.01 ಮಿಮೀ. ಫಿಟಿಂಗಿನಲ್ಲಿ ಮೊದಲಿದ್ದ ಹಳೆಯ ಟ್ಯೂಬನ್ನು ಕಸದ ಬುಟ್ಟಿಯಿಂದ ಹುಡುಕಿ ತೆಗೆದು ಅಳೆದೆ: 6.34. ಪೇಂಟ್‌ಬಾಲ್ ಮಾರ್ಕರ್‌ಗಳ ಒತ್ತು ಫಿಟಿಂಗುಗಳು, ಅಂದರೆ ಟ್ಯೂಬನ್ನು ಒಳಗೆ ಒತ್ತಿದರೆ ಹಿಡಿದುಕೊಳ್ಳುವಂಥವು, ಕಾಲು ಅಂಗುಲದ, ಅಂದರೆ 6.35 ಮಿಲಿಮೀಟರಿನ ಟ್ಯೂಬಿಗೆ ಮಾಡಿದವು. ನಮ್ಮ ಪೇಟೆಯಲ್ಲಿ ಸಿಗುವುದು 6 ಮಿಲಿಮೀಟರಿನದು. ನಡುವಿನ ವ್ಯತ್ಯಾಸ 0.35 ಮಿಮೀ, ಮೂರ್ನಾಲ್ಕು ಹಾಳೆ ಕಾಗದದ ದಪ್ಪ. ಸಣ್ಣ ಟ್ಯೂಬು ದೊಡ್ಡ ಫಿಟಿಂಗಿನಲ್ಲಿ ಸಲೀಸಾಗಿ ಕೂರುತ್ತದೆ, ಕೈಯಿಂದ ಎಳೆದರೆ ಬರುವುದೂ ಇಲ್ಲ, ಒಳಗಿನ ರಬ್ಬರ್ ಉಂಗುರ, ಓ-ರಿಂಗ್ ಕೂಡ ಹೇಗೋ ಗಾಳಿಯನ್ನು ತಡೆಯುತ್ತದೆ. ಒಳಗಿರುವ ಹಲ್ಲುಗಳು ಮಾತ್ರ ಆಳಕ್ಕೆ ಕಚ್ಚದೆ ತುದಿಯಲ್ಲಷ್ಟೇ ಹಿಡಿದಿರುತ್ತವೆ. ಟ್ಯೂಬು ಕಾದು ಮೆತ್ತಗಾದಾಗ ಆ ಹಿಡಿತ ಜಾರಿತು. ಇದಿಷ್ಟು ತಿಳಿದ ಮೇಲೆ ಪೆಟ್ಟಿಗೆಯಲ್ಲಿದ್ದ ನನ್ನ ಬೇರೆ ಒತ್ತು ಫಿಟಿಂಗುಗಳ ಅಂಕಿಯನ್ನೂ ನೋಡಿದೆ. ಎಲ್ಲವೂ 10 ಕೆಜಿಯವು. ಸರಿಯಾದ ಅಳತೆಯ ಒಳ್ಳೆಯ ಟ್ಯೂಬೇ ಸಿಕ್ಕಿದ್ದರೂ ಇವುಗಳೊಂದಿಗೆ ಜೋಡಿಸಿದ್ದರೆ ಫಲ ಅಷ್ಟೇ ಇರುತ್ತಿತ್ತು.

ಮರುದಿನದಿಂದ ಮೈದಾನಕ್ಕೆ ಬೀಗ ಹಾಕಿದೆವು. ಬಾಡಿಗೆ ನಷ್ಟವಾಗುತ್ತದೆಂದು ಗೆಳೆಯರಲ್ಲೊಬ್ಬ ಗೊಣಗಿದ. ಆ ಹುಡುಗನ ತಂದೆ ಫೋನು ಮಾಡಿದ ಮೇಲೆ ಅವನೂ ಸುಮ್ಮನಾದ. ಉಳಿದ ಮಾರ್ಕರ್‌ಗಳನ್ನು ಒಂದೊಂದಾಗಿ ನೋಡಿದೆ. ಹತ್ತರಲ್ಲಿ ತಯಾರಕರೇ ಹಾಕಿ ಕಳಿಸಿದ್ದ ಉಕ್ಕಿನ ಹೆಣಿಗೆಯ ಹೋಸ್ ಇತ್ತು. ಅವುಗಳನ್ನು ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿಕೊಂಡು ಹೋದಾಗ ಮೂರರಲ್ಲಿ ಫೆರೂಲಿನ, ಅಂದರೆ ಹೋಸಿನ ತುದಿಯನ್ನು ಬಿಗಿಹಿಡಿಯುವ ಲೋಹದ ಬಳೆಯ, ಹತ್ತಿರ ಬಟ್ಟೆ ಸಿಕ್ಕಿಕೊಂಡಿತು. ಅಲ್ಲಿ ತಂತಿಯ ಎಳೆಗಳು ತುಂಡಾಗಿದ್ದವು. ಬೆರಳಿನಿಂದ ಹಾಗೆ ಸವರಬಾರದು. ಸೂಜಿಗಿಂತ ತೆಳುವಾದ ಆ ಎಳೆಗಳು ಚರ್ಮದೊಳಗೆ ಮುರಿದು ಉಳಿಯುತ್ತವೆ. ಹೀಗೆ ಹಳೆಯ ಎರಡು, ಹೆಣಿಗೆ ಹರಿದ ಮೂರು, ಒಟ್ಟು ಐದು ಪೈಪುಗಳು ಬೇಕಾದವು. ಹೆಚ್ಚಿಗೆ ಮೂರನ್ನು ಸೇರಿಸಿ ಎಂಟು ಎಂದು ನಿರ್ಧರಿಸಿದೆ.

ಯಾವ ಒತ್ತಡಕ್ಕೆ ತಾಳುವ ಪೈಪು ಬೇಕು ಎಂಬ ಪ್ರಶ್ನೆಗೆ ಉತ್ತರ 850 ಎಂದು ಬಹಳ ಜನ ತಿಳಿದಿರುತ್ತಾರೆ, ನಾನೂ ಹಾಗೆಯೇ ತಿಳಿದಿದ್ದೆ. 850 ಎಂಬುದು ರೆಗ್ಯುಲೇಟರ್ ಆರೋಗ್ಯವಾಗಿರುವ ದಿನದ ಸಂಖ್ಯೆ. ಅದರೊಳಗಿನ ಸೀಲಿನ ಮೇಲೆ ಒಂದು ಮರಳಿನ ಕಣ ಕೂತರೂ ಹೊರಬರುವ ಒತ್ತಡ ನಿಧಾನವಾಗಿ ಏರತೊಡಗುತ್ತದೆ. ಹಾಗೆ ಏರಿದಾಗ ಅದನ್ನು ಹೊರಬಿಡಲೆಂದು ರೆಗ್ಯುಲೇಟರಿನ ಹೊರಬದಿಯಲ್ಲಿ ತೆಳು ಲೋಹದ ಬಿಲ್ಲೆಯೊಂದಿರುತ್ತದೆ. ನಿಗದಿತ ಒತ್ತಡದಲ್ಲಿ ಅದು ತಾನೇ ಒಡೆದು ಗಾಳಿಯನ್ನು ಹೊರಗೆ ಕಳಿಸುತ್ತದೆ. ನಮ್ಮ ರೆಗ್ಯುಲೇಟರುಗಳ ಬಿಲ್ಲೆಯ ಮೇಲೆ 1.8ಕೆ ಎಂದು ಕೊರೆದಿದೆ, ಅಂದರೆ 1800 ಪಿಎಸ್‌ಐ. ಬಿಲ್ಲೆ ಒಡೆಯುವ ತನಕ ಒಳಗಿನ ಒತ್ತಡವನ್ನು ಹೊರಬೇಕಾದದ್ದು ಪೈಪೇ. ಆದ್ದರಿಂದ ಪೈಪಿನ ಕೆಲಸದ ಒತ್ತಡ 1800ಕ್ಕಿಂತ ಕಡಿಮೆ ಇರಕೂಡದು ಎಂದು ಕಾಗದದ ಮೇಲೆ ಬರೆದು ಅದರ ಕೆಳಗೆ ಗೆರೆ ಎಳೆದೆ. ಕಾರ್ಬನ್ ಡೈಆಕ್ಸೈಡ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ ಬೇಕು: ಅದರ ಒತ್ತಡ 21 ಡಿಗ್ರಿಯಲ್ಲಿ 850ರ ಆಸುಪಾಸು ಇದ್ದು, 31 ಡಿಗ್ರಿಯ ಹೊತ್ತಿಗೆ 1070ಕ್ಕೆ ಮುಟ್ಟುತ್ತದೆ, ಅದರಾಚೆಗೆ ಎಷ್ಟು ತುಂಬಿದ್ದೀರಿ ಎಂಬುದರ ಮೇಲೆ ಇನ್ನೂ ಏರುತ್ತದೆ. ನಾವು ಆ ಅನಿಲವನ್ನು ಬಿಟ್ಟು ಬಹಳ ದಿನವಾಯಿತು.

ನೈಲಾನ್ ಟ್ಯೂಬಿನಲ್ಲಿ ಈ ಲೆಕ್ಕ ಏನಾಗುತ್ತದೆಂದು ಅದೇ ಕಾಗದದಲ್ಲಿ ಬಿಡಿಸಿದೆ. ಟ್ಯೂಬಿನ ಗೋಡೆಯ ಮೇಲೆ ಬೀಳುವ ಸೆಳೆತ ಎಂದರೆ ಒತ್ತಡವನ್ನು ನಡು ವ್ಯಾಸದಿಂದ ಗುಣಿಸಿ ಗೋಡೆಯ ದಪ್ಪದ ಇಮ್ಮಡಿಯಿಂದ ಭಾಗಿಸಿದ್ದು. ಡಿಪ್ಲೊಮಾ ಓದಿದವರಿಗೆಲ್ಲ ಗೊತ್ತಿರುವ ಸೂತ್ರ. ಹೊರಗೆ 6, ಒಳಗೆ 4 ಮಿಮೀ ಇರುವ ಟ್ಯೂಬಿನಲ್ಲಿ 10 ಕೆಜಿ ಗಾಳಿಗೆ ಗೋಡೆಯ ಮೇಲಿನ ಸೆಳೆತ ಚದರ ಮಿಲಿಮೀಟರಿಗೆ ಎರಡೂವರೆ ನ್ಯೂಟನ್ ಮಾತ್ರ. 850 ಪಿಎಸ್‌ಐಗೆ ಅದು 15ರ ಸಮೀಪ ಬರುತ್ತದೆ. 1800ಕ್ಕೆ 31. ಲೂಬ್ರಿಕೇಶನ್ ಲೈನಿನ ಮೆದು ನೈಲಾನ್ ಆ ಮಟ್ಟಕ್ಕೆ ಮುಂಚೆಯೇ ಬಲೂನಿನಂತೆ ಹಿಗ್ಗಲಾರಂಭಿಸುತ್ತದೆ. ಮಾರ್ಕರ್‌ಗೆಂದೇ ಮಾಡುವ ಕಾಲು ಅಂಗುಲದ ನೈಲಾನ್ ಟ್ಯೂಬು, ಆಟಗಾರರು ಮ್ಯಾಕ್ರೋಲೈನ್ ಎನ್ನುವುದು, ಇದಕ್ಕಿಂತ ಗಟ್ಟಿಯಾದದ್ದು ಮತ್ತು ತನ್ನದೇ ಫಿಟಿಂಗಿನೊಂದಿಗೆ ಬಳಸಿದರೆ ಸಾವಿರಾರು ಆಟಗಾರರ ಕೈಯಲ್ಲಿ ನಡೆಯುತ್ತಿರುವುದೂ ನಿಜ. ಹಗುರ, ಬೇಕಾದಷ್ಟು ಉದ್ದಕ್ಕೆ ಕತ್ತರಿಸಬಹುದು, ಸೋರಿದರೆ ಐದು ನಿಮಿಷದಲ್ಲಿ ಬದಲಿಸಬಹುದು. ಸ್ವಂತ ಮಾರ್ಕರ್ ಇಟ್ಟುಕೊಂಡು ಅದನ್ನು ಮಗುವಿನಂತೆ ನೋಡಿಕೊಳ್ಳುವವನಿಗೆ ಅದು ಸರಿ. ಬಾಡಿಗೆ ಮಾರ್ಕರ್‌ನ ಬಾಳು ಬೇರೆ. ಅದು ಕಲ್ಲಿಗೆ ಬಡಿಯುತ್ತದೆ, ಪೈಪನ್ನೇ ಹಿಡಿಕೆಯೆಂದು ತಿಳಿದು ಎತ್ತುವವರಿರುತ್ತಾರೆ, ಬಿಸಿಲಿಗೂ ಮಳೆಗೂ ಬೀಳುತ್ತದೆ. ನಾನು ಬಾಡಿಗೆಯವಕ್ಕೆ ನೈಲಾನ್ ಬೇಡವೆಂದು ತೀರ್ಮಾನಿಸಿದೆ.

ಮಂಗಳವಾರ ಉದ್ಯಮಬಾಗಕ್ಕೆ ಹೋದೆ. ಬೆಳಗಾವಿ ಫೌಂಡ್ರಿಗಳ ಊರು, ಹೈಡ್ರಾಲಿಕ್ಸಿನ, ಅಂದರೆ ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರಗಳ ಊರು. 200 ಕೆಜಿ ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಮೊದಲು ಹೋದ ಅಂಗಡಿಯಲ್ಲಿ ನನ್ನ ಮಾತು ಮುಗಿಯುವ ಮುಂಚೆಯೇ ಒಂದು ಎಳೆ ತಂತಿಯ ಕಾಲು ಅಂಗುಲದ ರಬ್ಬರ್ ಹೋಸನ್ನು ಮೇಜಿನ ಮೇಲಿಟ್ಟರು. ಅದರ ಮೈಮೇಲೆ 1ಎಸ್‌ಎನ್ ಎಂಬ ದರ್ಜೆ, 225 ಬಾರ್ ಎಂಬ ಒತ್ತಡ ಅಚ್ಚಾಗಿತ್ತು. ಒಂದು ಬಾರ್ ಹೆಚ್ಚುಕಡಿಮೆ ನಮ್ಮ ಒಂದು ಕೆಜಿಯೇ, 1800 ಪಿಎಸ್‌ಐ ಎಂದರೆ 124 ಬಾರ್. ಅಂಕಿಯ ಪ್ರಕಾರ ಬೇಕಾದದ್ದಕ್ಕಿಂತ ಹೆಚ್ಚೇ ಇದೆ, ಬೆಲೆಯೂ ಕಡಿಮೆ. ಕೊಂಡುಬಿಡುತ್ತಿದ್ದೆನೇನೋ. ಹಿಂದಿನ ಅನುಭವದಿಂದ ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆ ಕುಗ್ಗಿದ್ದರಿಂದ, ಫೌಂಡ್ರಿಯಲ್ಲಿದ್ದಾಗ ನಮ್ಮ ಹೋಸುಗಳ ತುದಿಗಳನ್ನೆಲ್ಲ ಅದುಮಿ ಕೂರಿಸಿ, ಅಂದರೆ ಕ್ರಿಂಪ್ ಮಾಡಿ ಕೊಡುತ್ತಿದ್ದ ಹಿರಿಯರೊಬ್ಬರಲ್ಲಿಗೆ ಹೋದೆ. ಈಗ ಅಂಗಡಿಯನ್ನು ಅವರ ಮಗ ನೋಡಿಕೊಳ್ಳುತ್ತಾನೆ, ಅವರು ಚಹಾ ಕುಡಿಯುತ್ತ ಕುಳಿತಿರುತ್ತಾರೆ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು.

"ಕಾಕಾ, 225 ಬಾರಿನ ಹೋಸ್ ಸಿಗ್ತದ. ನನಗ ಬೇಕಾಗಿದ್ದು 124. ತಗೊಳ್ಳೇನ್ರಿ?" ಎಂದೆ.

"ಒಳಗ ಏನ್ ಹರೀತದ?" ಎಂದು ಕೇಳಿದರು.

"ಗಾಳಿ."

ಅವರು ಬಟ್ಟಲನ್ನು ಕೆಳಗಿಟ್ಟರು. "ನೋಡ ತಮ್ಮಾ, ಎಣ್ಣಿ ಬ್ಯಾರೆ, ಗಾಳಿ ಬ್ಯಾರೆ. ಎಣ್ಣಿ ಹೋಸ್ ಒಡದ್ರ ಎಣ್ಣಿ ಸುರೀತದ, ಪ್ರೆಶರ್ ಅಲ್ಲೇ ಸಾಯ್ತದ. ಗಾಳಿ ಹಂಗ ಸಾಯಂಗಿಲ್ಲ. ಅದು ಹಿಗ್ಗಿಕೋತ ಬರ್ತದ."

ಆ ಮಾತಿನ ಹಿಂದಿನ ಲೆಕ್ಕ ನನಗೆ ಗೊತ್ತಿರಬೇಕಾಗಿತ್ತು. 60 ಬಾರಿಗೆ ಅದುಮಿದರೂ ಎಣ್ಣೆಯ ಗಾತ್ರ ಪ್ರತಿಶತ ಅರ್ಧದಷ್ಟೂ ಕುಗ್ಗುವುದಿಲ್ಲ. ಬಿಟ್ಟಾಗ ಅಷ್ಟೇ ಹಿಗ್ಗಿ ಸುಮ್ಮನಾಗುತ್ತದೆ. ಅದೇ ಒತ್ತಡದ ಗಾಳಿ ಬಿಟ್ಟಾಗ ಅರವತ್ತು ಪಟ್ಟು ಹಿಗ್ಗುತ್ತದೆ. ನಮ್ಮ ಮಾರ್ಕರ್‌ನ ಪೈಪಿನೊಳಗೆ ಇರುವುದು ನಾಲ್ಕೈದು ಮಿಲಿಲೀಟರ್ ಗಾಳಿ ನಿಜ, ಅದರ ಬೆನ್ನಿಗೆ ಸಿಲಿಂಡರಿನಲ್ಲಿ ಬಿಡುಗಡೆಗೆ ಕಾದು ಕುಳಿತಿರುವುದು ಹೊರಗಿನ ಲೆಕ್ಕದಲ್ಲಿ ಸುಮಾರು 160 ಲೀಟರ್. ಒಂದು ತುದಿ ಕಳಚಿದ ಪೈಪು ಆ 160 ಲೀಟರ್ ಮುಗಿಯುವ ತನಕ ಹಾವಿನಂತೆ ಬಡಿದಾಡುತ್ತದೆ. ಹುಡುಗನ ಮುಂಗೈ ಮೇಲಿನ ಬಾಸುಂಡೆ ನನಗೆ ಆಗ ಸರಿಯಾಗಿ ಅರ್ಥವಾಯಿತು. ಎಣ್ಣೆಯ ಹೋಸ್ ಅಪಾಯವಿಲ್ಲದ್ದು ಎಂದಲ್ಲ. ಸೂಜಿಮೊನೆಯ ತೂತಿನಿಂದ ಚಿಮ್ಮುವ ಎಣ್ಣೆ ಕೈಯೊಳಗೇ ನುಗ್ಗಿ ಬೆರಳು ಕಳೆದುಕೊಂಡವರ ಕಥೆ ಹೈಡ್ರಾಲಿಕ್ ಕೆಲಸದವರಿಗೆಲ್ಲ ಗೊತ್ತು. ಗಾಳಿಯ ಸ್ವಭಾವ ಬೇರೆ, ಅಷ್ಟೇ.

ರಬ್ಬರ್ ಹೋಸಿಗೆ ಕಾಕಾ ಇನ್ನೊಂದು ಆಕ್ಷೇಪ ತೆಗೆದರು. ಹೆಚ್ಚು ಒತ್ತಡದ ಗಾಳಿ ಒಳಪದರದ ರಬ್ಬರಿನ ಮೂಲಕ ನಿಧಾನವಾಗಿ ಜಿನುಗಿ ಹೊರಪದರದ ಕೆಳಗೆ ಸೇರಿಕೊಳ್ಳುತ್ತದೆ, ಅಲ್ಲಿ ಸುಟ್ಟ ಬೊಬ್ಬೆಯಂತೆ ಉಬ್ಬುತ್ತದೆ, ಕೊನೆಗೆ ಹೊರಪದರ ಹರಿದು ತಂತಿಗೆ ತುಕ್ಕು ಹಿಡಿಯುತ್ತದೆ. ಅನಿಲಕ್ಕೆಂದೇ ಮಾಡಿದ ಹೋಸಿನ ಹೊರಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿ ತೂತುಗಳನ್ನು ಚುಚ್ಚಿರುತ್ತಾರೆ, ಜಿನುಗಿದ್ದು ಅಲ್ಲಿಂದ ಹೊರಹೋಗಲೆಂದು. 250 ಪಿಎಸ್‌ಐ ಮೀರಿದ ಅನಿಲಕ್ಕೆ ಇಂಥದ್ದೇ ಬೇಕು. ನಾನು ನೋಡಿಬಂದ ಹೋಸಿನಲ್ಲಿ ಅಂಥ ತೂತುಗಳಿರಲಿಲ್ಲ. ಜೊತೆಗೆ, ಅದನ್ನು 100 ಮಿಲಿಮೀಟರಿಗಿಂತ ಬಿಗಿಯಾಗಿ ಬಾಗಿಸುವಂತಿಲ್ಲ. ಗೇಣುದ್ದದ ಪೈಪಿನಲ್ಲಿ ಅಷ್ಟು ದೊಡ್ಡ ಬಾಗಿಗೆ ಜಾಗವೆಲ್ಲಿ?

ಕೊನೆಗೆ ನಿಂತದ್ದು ಟೆಫ್ಲಾನ್ ಒಳಪದರದ, ಮೇಲೆ ಸ್ಟೇನ್‌ಲೆಸ್ ಉಕ್ಕಿನ ಹೆಣಿಗೆಯ ಹೋಸಿನ ಮೇಲೆ. ಎಸ್‌ಎಇ 100ಆರ್14 ಎಂಬ ವರ್ಗದ್ದು, ಒಳವ್ಯಾಸ 5 ಮಿಲಿಮೀಟರಿಗೆ ತುಸು ಕಡಿಮೆ. ಟೆಫ್ಲಾನ್ ಮೂಲಕವೂ ಗಾಳಿ ಒಂದಿಷ್ಟು ಜಿನುಗುತ್ತದೆ, ಆದರೆ ಮೇಲಿರುವುದು ಬರಿಯ ಹೆಣಿಗೆಯಾದ್ದರಿಂದ ಎಲ್ಲಿಯೂ ನಿಲ್ಲದೆ ಹೊರಟುಹೋಗುತ್ತದೆ. ಬಿಸಿಲಿಗೆ ಅದು ಜಗ್ಗುವುದಿಲ್ಲ, ಬಾಗು ರಬ್ಬರ್ ಹೋಸಿನ ಹೆಚ್ಚುಕಡಿಮೆ ಅರ್ಧಕ್ಕೆ ಸಾಕು. ಅದರ ಚೀಟಿಯಲ್ಲಿ ಕೆಲಸದ ಒತ್ತಡ 3000 ಪಿಎಸ್‌ಐ ಎಂದಿತ್ತು. ದೋಷವೂ ಇದೆ: ಒಮ್ಮೆ ಮುರಿದಂತೆ ಮಡಿಚಿಬಿಟ್ಟರೆ ಒಳಗಿನ ಟೆಫ್ಲಾನ್ ಮತ್ತೆ ನೆಟ್ಟಗಾಗುವುದಿಲ್ಲ, ಆ ಗೆರೆಯಲ್ಲೇ ಮುಂದೊಂದು ದಿನ ಸೀಳುತ್ತದೆ. ಹೊರಗಿನಿಂದ ಅದು ಕಾಣುವುದೂ ಇಲ್ಲ. ಆದ್ದರಿಂದ ನಮ್ಮಲ್ಲಿ ಮಡಿಚಿದ್ದೆಂದು ಗೊತ್ತಾದ ಹೋಸನ್ನು ಕತ್ತರಿಸಿಯೇ ಬಿಸಾಡುತ್ತೇವೆ.

ಹೋಸು ಸಿಕ್ಕಿತು, ತಕರಾರು ಥ್ರೆಡ್ಡಿನಲ್ಲಿ ಬಂತು. ಮಾರ್ಕರ್‌ಗಳಲ್ಲಿರುವುದು ಅಂಗುಲದ ಎಂಟನೇ ಒಂದು ಭಾಗದ ಎನ್‌ಪಿಟಿ ಎಂಬ ಅಮೆರಿಕನ್ ಅಳತೆಯ ಥ್ರೆಡ್. ನಮ್ಮ ಊರಿನ ಪೆಟ್ಟಿಗೆಗಳಲ್ಲಿ ತುಂಬಿರುವುದು ಅದೇ ಎಂಟನೇ ಒಂದು ಭಾಗವೆಂದು ಕರೆಯುವ ಬ್ರಿಟಿಷ್ ಅಳತೆಯ ಬಿಎಸ್‌ಪಿ. ಒಂದಕ್ಕೆ ಅಂಗುಲಕ್ಕೆ 27 ಸುತ್ತು, ಇನ್ನೊಂದಕ್ಕೆ 28. ಒಂದರ ಹಲ್ಲಿನ ಕೋನ 60 ಡಿಗ್ರಿ, ಇನ್ನೊಂದರದು 55. ಬಿಎಸ್‌ಪಿ ತುದಿಯನ್ನು ಎನ್‌ಪಿಟಿ ತೂತಿಗೆ ತಿರುಗಿಸಿದರೆ ಎರಡು ಮೂರು ಸುತ್ತು ನಗುನಗುತ್ತಲೇ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಬಿಗಿಯಾದದ್ದನ್ನು ಕಂಡು ಕೂತಿತು ಎಂದು ನಾವು ತಿಳಿಯುತ್ತೇವೆ. ಸೋರಿದರೆ ಟೆಫ್ಲಾನ್ ಟೇಪು ಸುತ್ತುತ್ತೇವೆ. ಹಿಡಿದಿರುವುದು ಮಾತ್ರ ಎರಡೇ ಹಲ್ಲು, ಅವೂ ಅರೆಬರೆ. ಪಕ್ಕದ ಲೇಥಿನವನು, "ಹಿತ್ತಾಳಿ ಅಡಾಪ್ಟರ್ ಹತ್ತ ನಿಮಿಷದಾಗ ಮಾಡಿ ಕೊಡ್ತೀನ್ರಿ" ಎಂದು ಮುಂದೆ ಬಂದ. ಬೆಳಗಾವಿಯ ಲೇಥಿನವರು ಮಾಡಲಾರದ ವಸ್ತುವಿಲ್ಲವೆಂಬ ಅಭಿಮಾನ ನನಗೂ ಇದೆ. ಸುತ್ತುಗಳನ್ನು ಅಳೆಯುವ ಪಿಚ್ ಗೇಜ್ ತೆಗೆದು, ಥ್ರೆಡ್ ಕೊರೆಯುವ ಅವನ ಟ್ಯಾಪಿನ ಮೇಲಿಟ್ಟೆ. 28ರ ಎಲೆ ಸರಿಯಾಗಿ ಕೂತಿತು, 27ರ ಎಲೆ ಅಲುಗಾಡಿತು. ಅವನೇ ನಕ್ಕು ಟ್ಯಾಪನ್ನು ಒಳಗಿಟ್ಟ. ಎನ್‌ಪಿಟಿ ತುದಿಗಳನ್ನು ಕಾಕಾನ ಮಗ ಪುಣೆಯಿಂದ ತರಿಸಿದ. ಅದಕ್ಕೆ ಎಂಟು ದಿನ ಹಿಡಿಯಿತು.

ಎಂಟು ದಿನ ಕಾದದ್ದರಿಂದ ಒಂದು ಲಾಭವಾಯಿತು. ಎರಡೂ ತುದಿಗಳು ಬಿಗಿ ಥ್ರೆಡ್ಡಿನವಾದರೆ ಎರಡನೆಯದನ್ನು ತಿರುಗಿಸುವಾಗ ಹೋಸೇ ಹುರಿಯಂತೆ ತಿರುಚಿಕೊಳ್ಳುತ್ತದೆ ಎಂಬುದು ಒಂದು ರಾತ್ರಿ ಹೊಳೆಯಿತು. ತಿರುಚಿದ ಹೆಣಿಗೆಗೆ ಒತ್ತಡ ಬಿದ್ದರೆ ಅದು ಬಿಚ್ಚಿಕೊಳ್ಳಲು ಹೆಣಗುತ್ತದೆ. ತಂತಿಯೆಳೆಗಳು ಫೆರೂಲಿನ ಬುಡದಲ್ಲೇ ತುಂಡಾಗುವುದು ಹೀಗೆ. ನಮ್ಮ ಮೂರು ಹೋಸುಗಳು ಹಾಗೆ ಹರಿದದ್ದಕ್ಕೆ ಹಿಂದೊಮ್ಮೆ ನಾವೇ ಅವುಗಳನ್ನು ಕಳಚಿ ಹಾಕಿದ್ದು ಕಾರಣವಿರಬೇಕೆಂದು ಅನ್ನಿಸಿತು. ಬೆಳಿಗ್ಗೆ ಫೋನು ಮಾಡಿ ಪ್ರತಿ ಹೋಸಿನ ಒಂದು ತುದಿಗೆ ತಿರುಗುವ ನಟ್ಟು ಬೇಕೆಂದು ಹೇಳಿದೆ.

ಹೈಡ್ರಾಲಿಕ್ ಅಂಗಡಿಯಲ್ಲಿ ಹೋಸು ಮಾಡಿಸುವವರು ಮರೆಯಬಾರದ ಸಂಗತಿಯೊಂದಿದೆ: ಅಲ್ಲಿ ಕತ್ತರಿಸುವ ಬ್ಲೇಡಿನಿಂದ ಹಿಡಿದು ಪರೀಕ್ಷೆಯ ಪಂಪಿನವರೆಗೆ ಎಲ್ಲಕ್ಕೂ ಎಣ್ಣೆ ಮೆತ್ತಿರುತ್ತದೆ. ಗಾಳಿಯನ್ನು ಹಠಾತ್ತನೆ ಅದುಮಿದಾಗ ಅದು ಕಾಯುತ್ತದೆ, ಡೀಸೆಲ್ ಎಂಜಿನ್ನು ಕಿಡಿಯಿಲ್ಲದೆ ಹೊತ್ತಿಕೊಳ್ಳುವುದೇ ಆ ಬಿಸಿಯಿಂದ. ಸಿಲಿಂಡರು ತುಂಬುವ 3000 ಪಿಎಸ್‌ಐ ಬದಿಯಲ್ಲಿ ಎಣ್ಣೆಯ ಹನಿಯಿದ್ದರೆ ಅಲ್ಲಿಯೂ ಹಾಗೆಯೇ ಆಗಬಹುದು. ತುಂಬುವ ಬಾಯಿಗೆ ಎಣ್ಣೆ ಬಿಡುವ ದುರಭ್ಯಾಸ ಕೆಲವು ಆಟಗಾರರಿಗಿದೆ. ಅದನ್ನು ಎಂದೂ ಮಾಡಬಾರದು. ನಮ್ಮ ಹೋಸುಗಳು 850ರ ಬದಿಯವಾದರೂ ಹೊಸ ಬ್ಲೇಡಿನಿಂದ ಕತ್ತರಿಸಿ ಎಣ್ಣೆ ತಾಗಿಸದೆ ಮಾಡಿಕೊಡಿ ಎಂದು ಕೇಳಿಕೊಂಡೆ. ಕಾಕಾನ ಮಗ ಗೊಣಗಲಿಲ್ಲ, ಕಾಕಾ ಅಲ್ಲೇ ಕುಳಿತಿದ್ದರು.

ಪರೀಕ್ಷೆಯನ್ನು ನೀರಿನಿಂದಲೇ ಮಾಡಿಸಿದೆವು. ಗಾಳಿಯಿಂದ ಪರೀಕ್ಷಿಸುವುದೆಂದರೆ ಯಾವ ಅಪಾಯಕ್ಕೆ ಹೆದರಿ ಪರೀಕ್ಷೆ ಮಾಡುತ್ತೇವೆಯೋ ಅದನ್ನೇ ಕೈಯಾರೆ ಕರೆದಂತೆ. ಹೋಸಿನ ಕೆಲಸದ ಒತ್ತಡದ ಇಮ್ಮಡಿಗೆ ಪರೀಕ್ಷಿಸುವುದು ವಾಡಿಕೆ. ತುದಿ, ನಟ್ಟು, ಅಡಾಪ್ಟರುಗಳೆಲ್ಲ ಸೇರಿದ ಇಡೀ ಜೋಡಣೆಗೆ ನಾನು 1800ನ್ನೇ ಕೆಲಸದ ಒತ್ತಡವೆಂದು ಹಿಡಿದು, 3600 ಪಿಎಸ್‌ಐಗೆ, ಅಂದರೆ 250 ಕೆಜಿಗೆ ತುಸು ಮೇಲಕ್ಕೆ ಏರಿಸಲು ಹೇಳಿದೆ. ಒಂದು ತುದಿಯನ್ನು ಮುಚ್ಚಿ, ಒಳಗಿನ ಗಾಳಿಯೆಲ್ಲ ಹೋಗುವಂತೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸಿ ಐದು ನಿಮಿಷ ಬಿಟ್ಟೆವು. ಏಳು ಹೋಸುಗಳಲ್ಲಿ ಗೇಜಿನ ಮುಳ್ಳು ಕದಲಲಿಲ್ಲ. ಎಂಟನೆಯದರ ಫೆರೂಲಿನ ಅಂಚಿನಲ್ಲಿ ಮೂರನೇ ನಿಮಿಷಕ್ಕೆ ಒಂದು ಹನಿ ಮೂಡಿತು, ಗುಂಡುಸೂಜಿಯ ತಲೆಯಷ್ಟು, ಅಷ್ಟೇ. ಮುಳ್ಳು ಹತ್ತು ಕೆಜಿ ಕೆಳಗೆ ಬಂತು. ನೀರಾದ್ದರಿಂದ ಹನಿಯಾಗಿ ತೋರಿಕೊಂಡಿತು. ಮತ್ತೊಮ್ಮೆ ಕ್ರಿಂಪ್ ಮಾಡಿ ಕೊಡುತ್ತೇನೆಂದು ಮಗ ಹೇಳಿದರೂ ಕಾಕಾ ಕತ್ತರಿ ತೆಗೆದುಕೊಂಡು ಅದನ್ನು ಎರಡು ತುಂಡು ಮಾಡಿದರು. ಉಳಿದ ಏಳನ್ನು ಒಣ ಗಾಳಿಯಿಂದ ಊದಿ, ಎರಡು ದಿನ ತೂಗುಹಾಕಿ ಒಣಗಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಮತ್ತು ತಿಂಗಳು ಕೊರೆದ ತಗಡಿನ ಚೀಟಿ ಕಟ್ಟಿದೆ. ಸಿಲಿಂಡರುಗಳಿಗಾದರೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ, ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯಿದೆ, ಮೈಮೇಲೆ ಪರೀಕ್ಷೆಯ ದಿನಾಂಕದ ಮುದ್ರೆಯಿದೆ. ಒಂದು ಗೇಣು ಪೈಪಿನ ಮೈಮೇಲೆ ಅಂಥದ್ದೇನೂ ಇರುವುದಿಲ್ಲ, ಬರೆದರೆ ನಾವೇ ಬರೆಯಬೇಕು.

ಜೋಡಿಸುವಾಗ ಥ್ರೆಡ್ಡಿನ ಮೊದಲ ಸುತ್ತನ್ನು ಬಿಟ್ಟು ಟೇಪು ಸುತ್ತಿದೆ. ತುದಿಯವರೆಗೆ ಸುತ್ತಿದರೆ ಅದರ ಚೂರು ಒಳಗೆ ಹೋಗಿ ಕವಾಟದಲ್ಲಿ ಸಿಕ್ಕಿಕೊಳ್ಳುತ್ತದೆ. ಫೆರೂಲಿನಿಂದ ಹೋಸಿನ ಮೇಲಕ್ಕೆ ಒಂದು ಹಳದಿ ಗೆರೆ ಎಳೆದಿದ್ದೇನೆ, ಹೋಸು ಒಂದು ಕೂದಲೆಳೆಯಷ್ಟು ಜಾರಿದರೂ ಗೆರೆ ಮುರಿದಂತೆ ಕಾಣಲೆಂದು. ಆಟದ ದಿನ ಬೆಳಿಗ್ಗೆ ಸೋಪಿನ ನೀರು ಹಚ್ಚಿ ನೋಡುತ್ತೇವೆ. ಕೈ ಅಡ್ಡ ಹಿಡಿದು ಸೋರಿಕೆ ಹುಡುಕುವುದು ಫೌಂಡ್ರಿಯಲ್ಲಿ ನನಗೆ ಅಂಟಿದ ಚಾಳಿ. 8 ಕೆಜಿಗೇ ಅದು ತಪ್ಪು, 60 ಕೆಜಿ ಗಾಳಿ ಚರ್ಮ ಸೀಳಿ ಒಳಗೆ ನುಗ್ಗಬಲ್ಲದು.

ಆ ನಡುವೆ ಗೆಳೆಯನೊಬ್ಬ ಸುರುಳಿ ಹೋಸು ತರಿಸೋಣ ಎಂದ. ಸಿಲಿಂಡರನ್ನು ಬೆನ್ನಿಗೆ ಕಟ್ಟಿ, ಉದ್ದನೆಯ ಸುರುಳಿ ಹೋಸಿನಿಂದ ಮಾರ್ಕರ್‌ಗೆ ಗಾಳಿ ಕೊಡುವ ಏರ್ಪಾಟು ಅದು. ಮಕ್ಕಳ ಕೈಗೆ ಭಾರ ಕಡಿಮೆಯಾಗುತ್ತದೆ ಎಂಬುದು ಸತ್ಯ. ಅದರಲ್ಲಿ ಒಳಗೆ ಉಳಿದ ಗಾಳಿಯನ್ನು ಮೊದಲು ಹೊರಬಿಟ್ಟು ಆಮೇಲೆ ಕಳಚಲು ಜಾರು ಕವಾಟವೂ ಇರುತ್ತದೆ. ಹಾಗಿದ್ದರೂ ಗಿಡಗಂಟಿಗಳ ನಡುವೆ ಓಡುವ ಹುಡುಗರ ಮೈಗೆ 60 ಕೆಜಿ ಗಾಳಿ ತುಂಬಿದ ಮಾರುದ್ದದ ಹೋಸನ್ನು ಸುತ್ತಲು ನನಗೆ ಮನಸ್ಸಾಗಲಿಲ್ಲ. ಬೇಡವೆಂದೆ.

ಮೈದಾನ ಮತ್ತೆ ತೆರೆದದ್ದು ಮೇ ತಿಂಗಳ ಮೂರನೇ ವಾರದಲ್ಲಿ. ಸ್ವಂತ ಮಾರ್ಕರ್ ತರುವವರಿಗೆ ಅಂದಿನಿಂದ ಒಂದು ನಿಯಮ ಮಾಡಿದ್ದೇವೆ: ಪೈಪನ್ನು ಕ್ಯಾಲಿಪರಿನಿಂದ ಅಳೆದ ಮೇಲೆಯೇ ಒಳಗೆ ಬಿಡುವುದು. ಮೊದಲ ದಿನವೇ ಹಳೆಯ ಗಿರಾಕಿಯೊಬ್ಬ ಸಿಕ್ಕಿಬಿದ್ದ. ಅವನ ಮಾರ್ಕರ್‌ನ ಪಾರದರ್ಶಕ ಟ್ಯೂಬು 6.02 ತೋರಿಸಿತು. ಒಂದು ವರ್ಷದಿಂದ ಇದರಲ್ಲೇ ಆಡುತ್ತಿದ್ದೇನೆ, ಏನೂ ಆಗಿಲ್ಲ ಎಂದು ವಾದಿಸಿದ. ನಾನು ಶನಿವಾರ ಸಂಜೆಯವರೆಗೆ ಹೇಳಿಕೊಂಡಿದ್ದ ಮಾತು ಅದೇ ಆಗಿತ್ತು. ಬಾಡಿಗೆಯಿಲ್ಲದೆ ನಮ್ಮ ಮಾರ್ಕರ್ ಕೊಡುತ್ತೇನೆಂದರೂ ಒಪ್ಪದೆ ಸಿಟ್ಟಿನಿಂದ ಬೈಕು ತಿರುಗಿಸಿಕೊಂಡು ಹೋದ. ಎರಡು ವಾರ ಬಿಟ್ಟು ಬಂದಾಗ ಅವನ ಬಳಿ ಕಾಲು ಅಂಗುಲದ ಕಪ್ಪು ಮ್ಯಾಕ್ರೋಲೈನ್ ಮತ್ತು ಅದರದೇ ಫಿಟಿಂಗುಗಳಿದ್ದವು. ಅಳೆದೆ, 6.34. ಟ್ಯೂಬಿನ ತುದಿ ನೋಡಿದರೆ ಓರೆಯಾಗಿತ್ತು. ಮನೆಯಲ್ಲಿ ಈಳಿಗೆ ಮಣೆಯ ಮೇಲೆ ಕೊಯ್ದನಂತೆ. ಓರೆ ತುದಿ ಓ-ರಿಂಗನ್ನು ಕೆರೆಯುತ್ತದೆ, ತಳದವರೆಗೆ ಪೂರ್ತಿ ಕೂರುವುದಿಲ್ಲ. ಗಾಳಿ ಬಿಟ್ಟು, ಟ್ಯೂಬು ಕಟ್ಟರ್ ತಂದು, ಎರಡೂ ತುದಿಗಳನ್ನು ಅರ್ಧ ಅಂಗುಲ ಒಳಕ್ಕೆ ನೇರವಾಗಿ ಕತ್ತರಿಸಿ ಮತ್ತೆ ಕೂರಿಸಿದೆವು. ಉದ್ದ ತುಸು ಕಡಿಮೆಯಾಗಿ ಬಾಗು ಬಿಗಿಯಾಯಿತು. ಅದು ಅವನಿಗೂ ಹಿಡಿಸಲಿಲ್ಲ, ನನಗೂ ಹಿಡಿಸಲಿಲ್ಲ. ಅವನ ಚೀಲದಲ್ಲಿ ಇನ್ನೂ ಒಂದು ಮೊಳ ಟ್ಯೂಬಿತ್ತು. ಅದರಿಂದ ಹೊಸ ತುಂಡನ್ನು ಕತ್ತರಿಸಿಕೊಂಡೆವು.